ಚಿಕ್ಕ ವಯಸ್ಸಿನಲ್ಲಿ ಲಾಲಾರಸ ಗ್ರಂಥಿಯ ಕ್ಯಾನ್ಸರ್: ಚಿಕಿತ್ಸೆಗೆ ಮುನ್ನ ಕೇಳಬೇಕಾದ್ದು, ನಂತರ ನೋಡಿಕೊಳ್ಳಬೇಕಾದ್ದು

ಕಿವಿಯ ಕೆಳಗೋ ದವಡೆಯ ಅಡಿಯಲ್ಲೋ ಒಂದು ಗಂಟು. ನೋವಿಲ್ಲ, ಜ್ವರವಿಲ್ಲ. ಎಷ್ಟೋ ತಿಂಗಳಿಂದ ಹಾಗೇ ಇತ್ತು. ಕೊನೆಗೆ ಪರೀಕ್ಷೆ ಮಾಡಿಸಿದಾಗ ಲಾಲಾರಸ ಗ್ರಂಥಿಯ ಕ್ಯಾನ್ಸರ್ ಎಂದು ವರದಿ ಬಂದಿದೆ. ನಿಮಗಿನ್ನೂ ಇಪ್ಪತ್ತೈದೋ ಮೂವತ್ತೋ ವಯಸ್ಸು. ಕೆಲಸಕ್ಕೆ ಸೇರಿ ನಾಲ್ಕು ವರ್ಷವೂ ಆಗಿಲ್ಲ, ಅಪ್ಪ ಅಮ್ಮ ಊರಿನಲ್ಲಿದ್ದಾರೆ, ಮನೆಯಲ್ಲಿ ಮದುವೆಯ ಮಾತು ನಡೆಯುತ್ತಿದೆ ಅಥವಾ ಮಗು ಇನ್ನೂ ಚಿಕ್ಕದು. ಈ ಲೇಖನ ನಿಮಗಾಗಿ, ನಿಮ್ಮನ್ನು ನೋಡಿಕೊಳ್ಳುವವರಿಗಾಗಿ.

ಈ ಕಾಯಿಲೆಯ ಶಸ್ತ್ರಚಿಕಿತ್ಸೆ ಕೆಲವು ಗಂಟೆಗಳದ್ದು. ರೇಡಿಯೇಷನ್ ಬೇಕಾದರೆ ಅದು ಸುಮಾರು ಆರು ವಾರದ್ದು. ಆದರೆ ಅದೇ ಮುಖ, ಅದೇ ಹಲ್ಲು, ಅದೇ ಬಾಯಿಯೊಂದಿಗೆ ನೀವು ಮುಂದೆ ಹಲವು ದಶಕ ಬಾಳುವ ಲೆಕ್ಕ ಹಾಕಬೇಕು. ಎಪ್ಪತ್ತರ ರೋಗಿಗೆ ಕೇಳಬೇಕೆನಿಸದ ಕೆಲವು ಪ್ರಶ್ನೆಗಳನ್ನು ನೀವು ಕೇಳಲೇಬೇಕು, ಅದೂ ಚಿಕಿತ್ಸೆ ಶುರುವಾಗುವ ಮೊದಲೇ. ಹಲ್ಲಿನ ತಪಾಸಣೆ, ಮುಂದೆ ಮಕ್ಕಳಾಗುವ ವಿಚಾರ, ಕೆಲಸ ಮತ್ತು ವಿಮೆ ಇವೆಲ್ಲ ಮೊದಲೇ ನೋಡಿಕೊಂಡರೆ ಸುಲಭ, ಆಮೇಲೆ ಕಷ್ಟ.

ಇದು ಯಾವ ಕಾಯಿಲೆ?

ಬಾಯಿಯಲ್ಲಿ ಊರುವ ಜೊಲ್ಲನ್ನೇ ವೈದ್ಯರು ಲಾಲಾರಸ ಎನ್ನುತ್ತಾರೆ. ಅದನ್ನು ತಯಾರಿಸುವ ದೊಡ್ಡ ಗ್ರಂಥಿಗಳು ಮೂರು ಜೋಡಿ ಇವೆ. ಕಿವಿಯ ಮುಂದೆ ಮತ್ತು ಕೆಳಗೆ ಇರುವುದು ಪೆರೊಟಿಡ್, ದವಡೆಯ ಅಡಿಯಲ್ಲಿರುವುದು ಸಬ್‌ಮ್ಯಾಂಡಿಬ್ಯುಲರ್, ನಾಲಿಗೆಯ ಕೆಳಗಿರುವುದು ಸಬ್‌ಲಿಂಗ್ವಲ್. ಇವಲ್ಲದೆ ತುಟಿ, ಅಂಗಳು, ಗಂಟಲಿನ ಒಳಪದರದಲ್ಲಿ ನೂರಾರು ಪುಟ್ಟ ಗ್ರಂಥಿಗಳಿವೆ. ಕ್ಯಾನ್ಸರ್ ಇವುಗಳಲ್ಲಿ ಎಲ್ಲಿ ಬೇಕಾದರೂ ಕಾಣಿಸಿಕೊಳ್ಳಬಹುದು.

ಪೆರೊಟಿಡ್‌ನಲ್ಲಿ ಬರುವ ಗಂಟುಗಳಲ್ಲಿ ಹೆಚ್ಚಿನವು ಕ್ಯಾನ್ಸರ್ ಅಲ್ಲ. ಗ್ರಂಥಿ ಚಿಕ್ಕದಾದಷ್ಟೂ ಅಲ್ಲಿನ ಗಂಟು ಕ್ಯಾನ್ಸರ್ ಆಗಿರುವ ಸಾಧ್ಯತೆ ಹೆಚ್ಚು. ಯುವಕರಲ್ಲಿ ಹೆಚ್ಚಾಗಿ ಕಾಣುವ ಬಗೆ ಮ್ಯೂಕೋಎಪಿಡರ್ಮಾಯ್ಡ್ ಕಾರ್ಸಿನೋಮಾ. ಅಸಿನಿಕ್ ಸೆಲ್, ಅಡಿನಾಯ್ಡ್ ಸಿಸ್ಟಿಕ್, ಸೆಕ್ರೆಟರಿ ಕಾರ್ಸಿನೋಮಾ ಮುಂತಾದ ಬೇರೆ ಬಗೆಗಳೂ ಇವೆ. ವಿಶ್ವ ಆರೋಗ್ಯ ಸಂಸ್ಥೆಯ ವರ್ಗೀಕರಣದಲ್ಲಿ ಇಂಥ 20ಕ್ಕೂ ಹೆಚ್ಚು ಬಗೆಗಳಿವೆ. ಒಂದೊಂದರ ಸ್ವಭಾವವೂ ಬೇರೆ. ಆದ್ದರಿಂದ ಇಂಟರ್ನೆಟ್ಟಿನಲ್ಲಿ ಓದಿದ ಇನ್ನೊಬ್ಬರ ಕಥೆ ನಿಮ್ಮದಾಗಬೇಕಿಲ್ಲ.

"ನಾನು ಬೀಡಿ ಸೇದಿಲ್ಲ, ಗುಟ್ಕಾ ಹಾಕಿಲ್ಲ, ನನಗೇಕೆ ಬಂತು?" ಎಂಬ ಪ್ರಶ್ನೆ ಸಹಜ. ನಮ್ಮ ದೇಶದಲ್ಲಿ ಬಾಯಿ ಕ್ಯಾನ್ಸರ್ ಎಂದರೆ ತಂಬಾಕು ಎಂಬ ಮಾತು ಎಲ್ಲರಿಗೂ ಗೊತ್ತು. ಲಾಲಾರಸ ಗ್ರಂಥಿಯ ಕ್ಯಾನ್ಸರ್‌ನ ಹೆಚ್ಚಿನ ಬಗೆಗಳಿಗೆ ತಂಬಾಕಿನ ಜೊತೆ ಅಂಥ ನೇರ ನಂಟಿಲ್ಲ. ಹಿಂದೆ ತಲೆ ಅಥವಾ ಕುತ್ತಿಗೆಗೆ ರೇಡಿಯೇಷನ್ ತೆಗೆದುಕೊಂಡವರಲ್ಲಿ ಅಪಾಯ ಸ್ವಲ್ಪ ಹೆಚ್ಚು. ಉಳಿದ ಬಹುತೇಕರಲ್ಲಿ ಇಂಥದ್ದೇ ಕಾರಣ ಎಂದು ಬೆರಳಿಟ್ಟು ತೋರಿಸಲಾಗದು. ನೀವು ಏನೋ ತಪ್ಪು ಮಾಡಿದ್ದರಿಂದ ಇದು ಬಂದಿಲ್ಲ. ಹಾಗಿದ್ದರೂ ತಂಬಾಕಿನ ಅಭ್ಯಾಸವಿದ್ದರೆ ಇಂದೇ ಬಿಡಿ. ಅದು ಗಾಯ ಮಾಯುವುದನ್ನು ತಡ ಮಾಡುತ್ತದೆ, ರೇಡಿಯೇಷನ್ ಸಮಯದ ಬಾಯಿಹುಣ್ಣನ್ನು ಹೆಚ್ಚಿಸುತ್ತದೆ.

ಎಂಜಲಿನಿಂದ ಹರಡುವುದಿಲ್ಲ

ಜೊಲ್ಲಿನ ಗ್ರಂಥಿಯ ಕಾಯಿಲೆ ಎಂದೊಡನೆ ಮನೆಯಲ್ಲಿ ತಟ್ಟೆ, ಲೋಟ ಬೇರೆ ಇಡುವವರಿದ್ದಾರೆ. ಇದರ ಅಗತ್ಯವಿಲ್ಲ. ಈ ಕ್ಯಾನ್ಸರ್ ಎಂಜಲಿನಿಂದ, ಮುತ್ತಿನಿಂದ, ಒಟ್ಟಿಗೆ ಊಟ ಮಾಡುವುದರಿಂದ, ದಾಂಪತ್ಯದಿಂದ ಹರಡುವುದಿಲ್ಲ. ಹೊರಗಿನ ಯಂತ್ರದಿಂದ ಕೊಡುವ ರೇಡಿಯೇಷನ್ ನಿಮ್ಮ ಮೈಯಲ್ಲಿ ಉಳಿಯುವುದಿಲ್ಲ. ಚಿಕಿತ್ಸೆ ಮುಗಿಸಿ ಮನೆಗೆ ಬಂದು ಮಗುವನ್ನು ಎತ್ತಿಕೊಳ್ಳಬಹುದು, ಗರ್ಭಿಣಿಯರ ಪಕ್ಕದಲ್ಲಿ ಕೂರಬಹುದು. ಕೀಮೋ ನಡೆಯುತ್ತಿದ್ದರೆ ಮಾತ್ರ ನೆಗಡಿ ಜ್ವರ ಇರುವವರಿಂದ ನೀವು ದೂರವಿರಬೇಕು. ಅದು ನಿಮ್ಮ ರಕ್ಷಣೆಗಾಗಿ, ಅವರ ರಕ್ಷಣೆಗಲ್ಲ.

ವರದಿಯ ಪದಗಳು: ಕನ್ನಡಕ್ಕೆ ತರುವಾಗ ಎಡವುವ ಜಾಗಗಳು

ವರದಿ ಇಂಗ್ಲಿಷಿನಲ್ಲಿರುತ್ತದೆ. ಮನೆಯವರಿಗೆ ಅದನ್ನು ಕನ್ನಡದಲ್ಲಿ ಹೇಳುವಾಗ ಕೆಲವು ಪದಗಳು ಉಲ್ಟಾ ಅರ್ಥ ಕೊಡುತ್ತವೆ.

ಗ್ರೇಡ್: ಜೀವಕೋಶಗಳು ಎಷ್ಟು ಆಕ್ರಮಣಕಾರಿ ಎಂಬುದರ ಅಳತೆ. "ಲೋ ಗ್ರೇಡ್" ಎಂದರೆ ಕಳಪೆ ಎಂದಲ್ಲ, ನಿಧಾನಕ್ಕೆ ಬೆಳೆಯುವಂಥದ್ದು. ಇಲ್ಲಿ ಲೋ ಎಂಬುದು ಒಳ್ಳೆಯ ಸುದ್ದಿ.

ಸ್ಟೇಜ್: ಗಂಟು ಎಷ್ಟು ದೊಡ್ಡದು, ಎಲ್ಲಿಯವರೆಗೆ ಹೋಗಿದೆ ಎಂಬುದರ ಅಳತೆ. ಗ್ರೇಡ್ ಬೇರೆ, ಸ್ಟೇಜ್ ಬೇರೆ. ಟಿ ಅಕ್ಷರ ಗಂಟಿನದ್ದು, ಎನ್ ಕುತ್ತಿಗೆಯ ದುಗ್ಧಗ್ರಂಥಿಗಳದ್ದು, ಎಂ ದೇಹದ ಬೇರೆ ಭಾಗಕ್ಕೆ ಹರಡಿರುವುದರದ್ದು. ದೊಡ್ಡ ಗ್ರಂಥಿಗಳಲ್ಲಿ 2 ಸೆಂ.ಮೀ. ಒಳಗಿದ್ದು ಗ್ರಂಥಿಯಿಂದ ಹೊರಗೆ ಹೋಗಿರದ ಗಂಟು ಟಿ1.

ಮಾರ್ಜಿನ್: ತೆಗೆದ ತುಂಡಿನ ಅಂಚು. "ನೆಗೆಟಿವ್ ಮಾರ್ಜಿನ್" ಎಂದರೆ ಅಂಚಿನಲ್ಲಿ ಕ್ಯಾನ್ಸರ್ ಕೋಶ ಇಲ್ಲ, ಅದು ಒಳ್ಳೆಯದು. "ಪಾಸಿಟಿವ್" ಎಂದರೆ ಅಂಚಿನವರೆಗೂ ಇದೆ. ಪಾಸಿಟಿವ್ ಎಂದು ಓದಿ ಸಮಾಧಾನಪಟ್ಟುಕೊಳ್ಳಬೇಡಿ.

ಪೆರಿನ್ಯೂರಲ್ ಇನ್ವೇಷನ್: ಕ್ಯಾನ್ಸರ್ ಕೋಶಗಳು ನರದ ಸುತ್ತ ಸಾಗಿರುವುದು. ಅಡಿನಾಯ್ಡ್ ಸಿಸ್ಟಿಕ್ ಬಗೆಯಲ್ಲಿ ಇದು ಸಾಮಾನ್ಯ. ಹೀಗಿದ್ದರೆ ಶಸ್ತ್ರಚಿಕಿತ್ಸೆಯ ನಂತರ ರೇಡಿಯೇಷನ್ ಬೇಕೆಂದು ಹೇಳುವ ಸಂಭವ ಹೆಚ್ಚು.

ಈ ಕ್ಯಾನ್ಸರ್ ಅಪರೂಪದ್ದು. ತಲೆ ಮತ್ತು ಕುತ್ತಿಗೆಯ ಕ್ಯಾನ್ಸರ್‌ಗಳಲ್ಲಿ ಇದರದ್ದು ಸಣ್ಣ ಪಾಲು. ಬಗೆಗಳೂ ಹಲವು. ಹೀಗಾಗಿ ದೊಡ್ಡ ಕ್ಯಾನ್ಸರ್ ಕೇಂದ್ರದ ಪೆಥಾಲಜಿ ತಜ್ಞರು ಇನ್ನೊಮ್ಮೆ ಸ್ಲೈಡ್ ನೋಡುವುದು ಒಳ್ಳೆಯದು. ನಿಮ್ಮ ಬಯಾಪ್ಸಿಯ ಸ್ಲೈಡ್ ಮತ್ತು ಮೇಣದ ಬ್ಲಾಕ್‌ಗಳನ್ನು ಲ್ಯಾಬಿನಿಂದ ಕೇಳಿ ಪಡೆಯಬಹುದು. ಮುಂಬೈನ ಟಾಟಾ ಮೆಮೋರಿಯಲ್, ದೆಹಲಿಯ ಏಮ್ಸ್, ಚೆನ್ನೈನ ಅಡ್ಯಾರ್ ಕ್ಯಾನ್ಸರ್ ಇನ್‌ಸ್ಟಿಟ್ಯೂಟ್, ಹೈದರಾಬಾದಿನ ಎಂ.ಎನ್.ಜೆ., ಬೆಂಗಳೂರಿನ ಕಿದ್ವಾಯಿ ಇಂಥ ಕೇಂದ್ರಗಳು. ಎರಡನೇ ಅಭಿಪ್ರಾಯ ಕೇಳಿದರೆ ಮೊದಲ ವೈದ್ಯರಿಗೆ ಅವಮಾನವಾಗುತ್ತದೆ ಎಂದು ಹಿಂಜರಿಯಬೇಡಿ.

ಶಸ್ತ್ರಚಿಕಿತ್ಸೆಗೆ ಮುನ್ನ: ಮುಖದ ನರದ ಬಗ್ಗೆ ಕೇಳಿ

ಹೆಚ್ಚಿನವರಿಗೆ ಮೊದಲ ಚಿಕಿತ್ಸೆ ಶಸ್ತ್ರಚಿಕಿತ್ಸೆಯೇ. ಚಿಕ್ಕ, ಲೋ ಗ್ರೇಡ್ ಗಂಟು ಪೂರ್ತಿ ತೆಗೆದು ಅಂಚು ಶುದ್ಧವಾಗಿದ್ದರೆ ಅಷ್ಟಕ್ಕೇ ಚಿಕಿತ್ಸೆ ಮುಗಿಯುವುದೂ ಉಂಟು.

ನಗಲು, ಕಣ್ಣು ಮುಚ್ಚಲು, ಹುಬ್ಬೇರಿಸಲು ಬೇಕಾದ ಮುಖದ ನರ ಪೆರೊಟಿಡ್ ಗ್ರಂಥಿಯ ನಡುವೆಯೇ ಹಾದು ಕವಲೊಡೆಯುತ್ತದೆ. ಶಸ್ತ್ರಚಿಕಿತ್ಸೆಯ ಕಷ್ಟವೆಲ್ಲ ಇರುವುದು ಇಲ್ಲಿಯೇ. ಮುಂಚಿನ ಭೇಟಿಯಲ್ಲಿ ಇವನ್ನು ನೇರವಾಗಿ ಕೇಳಿ:

– ನರವನ್ನು ಉಳಿಸುವ ಸಾಧ್ಯತೆ ಎಷ್ಟು? ಒಳಗೆ ನೋಡಿದ ಮೇಲೆ ನರವನ್ನೇ ತೆಗೆಯಬೇಕಾಗಿ ಬಂದರೆ ಅದೇ ದಿನ ಬೇರೆ ನರ ಜೋಡಿಸುವಿರಾ?
– ಇಂಥ ಪೆರೊಟಿಡ್ ಶಸ್ತ್ರಚಿಕಿತ್ಸೆಗಳನ್ನು ನಿಮ್ಮ ತಂಡ ನಿಯಮಿತವಾಗಿ ಮಾಡುತ್ತದೆಯೇ?
– ಕುತ್ತಿಗೆಯ ಗ್ರಂಥಿಗಳನ್ನೂ ತೆಗೆಯುವಿರಾ? ತೆಗೆದರೆ ಭುಜಕ್ಕೆ ಫಿಸಿಯೋಥೆರಪಿ ಯಾವಾಗಿನಿಂದ?
– ಗಾಯದ ಗುರುತು ಎಲ್ಲಿ ಬರುತ್ತದೆ? ಕೆನ್ನೆ ಒಳಕ್ಕೆ ಹೋದಂತೆ ಕಾಣುವುದನ್ನು ತಪ್ಪಿಸಲು ಏನಾದರೂ ಮಾಡಬಹುದೇ?

ಮುಖದ ಚಿಂತೆ ಮಾಡುವುದನ್ನು ಕೆಲವರು ಹಗುರವಾಗಿ ಕಾಣುತ್ತಾರೆ. "ಜೀವ ಉಳಿದರೆ ಸಾಕು, ಚಂದ ಯಾರಿಗೆ ಬೇಕು?" ಎನ್ನುತ್ತಾರೆ. ಮುಖ ಬರೀ ಚಂದದ ಮಾತಲ್ಲ. ಮಾತು, ಊಟ, ಕಣ್ಣಿನ ರಕ್ಷಣೆ ಎಲ್ಲವೂ ಅದರ ಮೇಲೆ ನಿಂತಿವೆ. ಕೇಳುವುದು ನಿಮ್ಮ ಹಕ್ಕು.

ನೀವು ತೆಗೆದುಕೊಳ್ಳುತ್ತಿರುವ ಎಲ್ಲ ಮಾತ್ರೆಗಳ ಪಟ್ಟಿಯನ್ನು ಅರಿವಳಿಕೆ ವೈದ್ಯರಿಗೆ ತೋರಿಸಿ. ಆಸ್ಪಿರಿನ್, ನೋವಿನ ಮಾತ್ರೆ, ಮೀನೆಣ್ಣೆಯ ಗುಳಿಗೆ, ಅಶ್ವಗಂಧ, ಅರಿಶಿನದ ಕ್ಯಾಪ್ಸೂಲ್ ಇವನ್ನೂ ಸೇರಿಸಿ. "ಅದು ಬರೀ ಆಯುರ್ವೇದ" ಎಂದು ಪಟ್ಟಿಯಿಂದ ಬಿಡಬೇಡಿ. ಕೆಲವು ರಕ್ತಸ್ರಾವ ಹೆಚ್ಚಿಸುತ್ತವೆ, ಕೆಲವು ಮುಂದೆ ಕೀಮೋ ಔಷಧದ ಜೊತೆ ಸೇರಿದರೆ ತೊಂದರೆ ಕೊಡುತ್ತವೆ.

ಶಸ್ತ್ರಚಿಕಿತ್ಸೆಯ ನಂತರ

ನರ ಉಳಿದಿದ್ದರೂ ಅದನ್ನು ಸರಿಸಿ ಎಳೆದಿರುವುದರಿಂದ ಮುಖದ ಒಂದು ಭಾಗ ಬಲಹೀನವಾಗುವುದು ಸಾಮಾನ್ಯ. ಇದು ಹೆಚ್ಚಾಗಿ ಕೆಲವು ವಾರಗಳಿಂದ ತಿಂಗಳುಗಳಲ್ಲಿ ಸರಿಹೋಗುತ್ತದೆ. ಅಲ್ಲಿಯವರೆಗೆ ಮೊದಲು ಕಾಪಾಡಬೇಕಾದ್ದು ಕಣ್ಣನ್ನು. ರೆಪ್ಪೆ ಪೂರ್ತಿ ಮುಚ್ಚದಿದ್ದರೆ ಕಣ್ಣಿನ ಪಾರದರ್ಶಕ ಪದರ ಒಣಗಿ ಗಾಯವಾಗುತ್ತದೆ. ಹಗಲು ಕೃತಕ ಕಣ್ಣೀರಿನ ಹನಿ, ರಾತ್ರಿ ಕಣ್ಣಿನ ಮುಲಾಮು, ಮಲಗುವಾಗ ರೆಪ್ಪೆಗೆ ಮೆದು ಟೇಪ್ ಎಂದು ವೈದ್ಯರು ಹೇಳುತ್ತಾರೆ. ದಿನಕ್ಕೆ ಹಲವು ಸಲ ಹನಿ ಹಾಕಬೇಕಿದ್ದರೆ ಪ್ರಿಸರ್ವೇಟಿವ್ ಇಲ್ಲದ ಹನಿಯನ್ನು ಕೇಳಿ. ಕಣ್ಣು ಕೆಂಪಾಯಿತೆಂದು ಅಂಗಡಿಯಲ್ಲಿ ಸಿಕ್ಕ ಸ್ಟೀರಾಯ್ಡ್ ಹನಿಯನ್ನು ಹಾಕಿಕೊಳ್ಳಬೇಡಿ. ಬೈಕಿನಲ್ಲಿ ಹೋಗುವಾಗ ಕನ್ನಡಕ ಹಾಕಿ.

ಇನ್ನು ಕೆಲವು ಬದಲಾವಣೆಗಳು ಗಾಬರಿ ಹುಟ್ಟಿಸಿದರೂ ಕ್ಯಾನ್ಸರ್ ಮರಳಿದ ಲಕ್ಷಣಗಳಲ್ಲ:

– ಕಿವಿಯ ಹಾಲೆಯಲ್ಲಿ ಜೋಮು. ಆ ಭಾಗದ ಸ್ಪರ್ಶದ ನರಕ್ಕೆ ಪೆಟ್ಟಾಗಿರುತ್ತದೆ. ಓಲೆ ಹಾಕುವಾಗ, ಹೇರ್ ಡ್ರೈಯರ್ ಹಿಡಿಯುವಾಗ ಎಚ್ಚರ.
– ಊಟ ಮಾಡುವಾಗ ಕೆನ್ನೆ ಬೆವರುವುದು, ಕೆಂಪಾಗುವುದು. ಇದಕ್ಕೆ ಫ್ರೇ ಸಿಂಡ್ರೋಮ್ ಎಂದು ಹೆಸರು. ಜೊಲ್ಲಿನ ಗ್ರಂಥಿಗೆ ಹೋಗಬೇಕಿದ್ದ ನರದ ತುದಿಗಳು ಬೆವರಿನ ಗ್ರಂಥಿಗಳಿಗೆ ಕೂಡಿಕೊಂಡಾಗ ಹೀಗಾಗುತ್ತದೆ. ತಿಂಗಳುಗಳ ನಂತರ ಶುರುವಾಗಬಹುದು. ತೊಂದರೆ ಹೆಚ್ಚಿದ್ದರೆ ಬೆವರು ತಡೆಯುವ ಲೇಪ ಅಥವಾ ಬೊಟುಲಿನಂ ಚುಚ್ಚುಮದ್ದು ಇದೆ.
– ಮೊದಲ ತುತ್ತಿಗೆ ದವಡೆಯಲ್ಲಿ ಚಳುಕು, ನಾಲ್ಕು ತುತ್ತಿನ ನಂತರ ಕಡಿಮೆಯಾಗುವುದು.

ಕನ್ನಡಿಯ ಮುಂದೆ ಮಾಡುವ ಮುಖದ ವ್ಯಾಯಾಮವನ್ನು ಫಿಸಿಯೋಥೆರಪಿಸ್ಟ್ ಹೇಳಿಕೊಟ್ಟಂತೆ ಮಾಡಿ. ಕರೆಂಟ್ ಕೊಡುವ ಯಂತ್ರಗಳನ್ನು ನೀವೇ ತಂದು ಬಳಸಬೇಡಿ.

ರೇಡಿಯೇಷನ್‌ಗೆ ಮುನ್ನ: ಹಲ್ಲಿನ ವೈದ್ಯರು

ಹೈ ಗ್ರೇಡ್ ಇದ್ದರೆ, ಅಂಚು ಶುದ್ಧವಿಲ್ಲದಿದ್ದರೆ, ನರದ ಸುತ್ತ ಅಥವಾ ದುಗ್ಧಗ್ರಂಥಿಗೆ ಹರಡಿದ್ದರೆ ರೇಡಿಯೇಷನ್ ಹೇಳುತ್ತಾರೆ. ಸಾಮಾನ್ಯವಾಗಿ ವಾರಕ್ಕೆ 5 ದಿನದಂತೆ 30ರಿಂದ 33 ಸಲ. ಶಸ್ತ್ರಚಿಕಿತ್ಸೆಯಾದ ಸುಮಾರು 6 ವಾರದೊಳಗೆ ಶುರು ಮಾಡಲು ನೋಡುತ್ತಾರೆ.

ಆ ಆರು ವಾರದ ಅವಧಿಯಲ್ಲಿ ತಪ್ಪಿಸಲೇಬಾರದ ಕೆಲಸ ಹಲ್ಲಿನ ತಪಾಸಣೆ. ರೇಡಿಯೇಷನ್ ಬಿದ್ದ ದವಡೆಗೆ ರಕ್ತದ ಹರಿವು ಕಡಿಮೆಯಾಗುತ್ತದೆ. ಆಮೇಲೆ ಅಲ್ಲಿ ಹಲ್ಲು ಕಿತ್ತರೆ ಮೂಳೆ ಮಾಯದೆ ಕೊಳೆಯುವ ಅಪಾಯವಿದೆ. ಆ ಅಪಾಯ ಒಂದೆರಡು ವರ್ಷಕ್ಕೆ ಹೋಗುವುದಿಲ್ಲ, ಜೀವನಪೂರ್ತಿ ಇರುತ್ತದೆ. ಇಪ್ಪತ್ತೆಂಟರ ವಯಸ್ಸಿನವರಿಗೆ ಅದು ಬಹಳ ದೊಡ್ಡ ಲೆಕ್ಕ. ಕೀಳಲೇಬೇಕಾದ ಹಲ್ಲನ್ನು ರೇಡಿಯೇಷನ್‌ಗೆ ಕನಿಷ್ಠ ಎರಡು ವಾರ ಮುಂಚೆ ಕೀಳಿಸಿ, ಗಾಯ ಮಾಯಲು ಬಿಡಬೇಕು. ಅರ್ಧ ಬೆಳೆದ ಬುದ್ಧಿಹಲ್ಲಿನ ಬಗ್ಗೆಯೂ ಕೇಳಿ. ಮುಂದೆ ಯಾವ ಊರಿನಲ್ಲಿ ಯಾವ ಹಲ್ಲಿನ ವೈದ್ಯರ ಬಳಿ ಹೋದರೂ ಕುರ್ಚಿಯಲ್ಲಿ ಕೂರುವ ಮೊದಲೇ "ನನ್ನ ಈ ಕಡೆಯ ದವಡೆಗೆ ರೇಡಿಯೇಷನ್ ಆಗಿದೆ" ಎಂದು ಹೇಳಿ.

ಆ ಆರು ವಾರಗಳು: ಬಾಯಿ, ಊಟ, ಔಷಧ

ಎರಡನೇ ಮೂರನೇ ವಾರದಿಂದ ಬಾಯಿ ಒಣಗುವುದು, ಹುಣ್ಣು, ರುಚಿ ಕೆಡುವುದು, ಚರ್ಮ ಕಪ್ಪಾಗುವುದು ಶುರುವಾಗುತ್ತವೆ. ಚಿಕಿತ್ಸೆ ಮುಗಿದ ಮೇಲೂ ಒಂದೆರಡು ವಾರ ಹೆಚ್ಚಾಗಿಯೇ ಇರಬಹುದು. ಆಮೇಲೆ ಹುಣ್ಣು ಇಳಿಯುತ್ತದೆ. ರುಚಿ ಮರಳಲು ತಿಂಗಳುಗಳು ಬೇಕು. ಒಂದೇ ಪಕ್ಕಕ್ಕೆ ರೇಡಿಯೇಷನ್ ಕೊಟ್ಟವರಲ್ಲಿ ಇನ್ನೊಂದು ಪಕ್ಕದ ಗ್ರಂಥಿಗಳು ಉಳಿಯುವುದರಿಂದ ಬಾಯಿ ಒಣಗುವುದು ಕಡಿಮೆ.

ಬಾಯಿ ಮುಕ್ಕಳಿಸಲು: ಒಂದು ಲೋಟ, ಅಂದರೆ ಸುಮಾರು 250 ಮಿ.ಲೀ. ಉಗುರುಬೆಚ್ಚಗಿನ ನೀರಿಗೆ ಕಾಲು ಚಮಚ ಅಡುಗೆ ಸೋಡಾ, ಕಾಲು ಚಮಚ ಉಪ್ಪು. ದಿನಕ್ಕೆ ಹಲವು ಸಲ, ಊಟದ ನಂತರ ತಪ್ಪದೆ. ನುಂಗಬೇಡಿ. ಮೆಡಿಕಲ್ ಶಾಪಿನ ಮೌತ್‌ವಾಶ್ ತರುವುದಾದರೆ ಸೀಸೆಯ ಹಿಂದೆ ಓದಿ, ಆಲ್ಕೋಹಾಲ್ ಇಲ್ಲದ್ದನ್ನೇ ಆರಿಸಿ. ಮೆದು ಬ್ರಷ್, ವೈದ್ಯರು ಬರೆದುಕೊಟ್ಟ ಫ್ಲೋರೈಡ್ ಜೆಲ್ ಅಥವಾ ಪೇಸ್ಟ್ ಬಳಸಿ. ಜೊಲ್ಲು ಕಡಿಮೆಯಾದಾಗ ಹಲ್ಲು ಬೇಗ ಹುಳುಕಾಗುವುದರಿಂದ ಫ್ಲೋರೈಡನ್ನು ಚಿಕಿತ್ಸೆ ಮುಗಿದ ಮೇಲೂ ಬಿಡಬಾರದು.

ಊಟ: ಹುಳಿ, ಖಾರ, ಉಪ್ಪಿನಕಾಯಿ, ಚಕ್ಕುಲಿ ನಿಪ್ಪಟ್ಟಿನಂಥ ಗಟ್ಟಿ ತಿಂಡಿ ಸದ್ಯಕ್ಕೆ ಬೇಡ. ತೆಳ್ಳಗಿನ ರಾಗಿ ಅಂಬಲಿ, ಹಾಲು ಹಾಕಿದ ಗಂಜಿ, ಹೆಸರುಬೇಳೆಯ ತೊವ್ವೆ ಕಲಸಿದ ಮೆತ್ತನೆಯ ಅನ್ನ, ಖಾರವಿಲ್ಲದ ಸಾರಿನಲ್ಲಿ ನೆನೆಸಿದ ಇಡ್ಲಿ, ಮೊಸರನ್ನ, ಬೇಯಿಸಿ ಮಸೆದ ಮೊಟ್ಟೆ, ಪನೀರ್ ಒಳ್ಳೆಯವು. ಮುದ್ದೆ ನುಂಗುವ ಅಭ್ಯಾಸವಿದ್ದವರು ಬಾಯಿ ಒಣಗಿರುವಾಗ ಅಂಬಲಿಗೆ ಬದಲಾಗುವುದು ಕ್ಷೇಮ. ಒಂದೇ ಸಲಕ್ಕೆ ತಟ್ಟೆ ತುಂಬ ಬಡಿಸುವ ಬದಲು ದಿನಕ್ಕೆ ಆರು ಸಲ ಸ್ವಲ್ಪ ಸ್ವಲ್ಪ ಕೊಡಿ. ವಾರಕ್ಕೊಮ್ಮೆ ಒಂದೇ ತೂಕದ ಯಂತ್ರದಲ್ಲಿ ತೂಕ ನೋಡಿ ಬರೆದಿಡಿ. ತೂಕ ಇಳಿಯುತ್ತಲೇ ಇದ್ದರೆ ಡಯಟಿಷಿಯನ್‌ಗೆ ತಿಳಿಸಿ. ಕೆಲವರಿಗೆ ಕೆಲ ದಿನ ಮೂಗಿನ ನಳಿಕೆಯಿಂದ ಆಹಾರ ಕೊಡಬೇಕಾಗುತ್ತದೆ. ಅದು ಸೋಲಲ್ಲ, ಚಿಕಿತ್ಸೆ ಮಧ್ಯದಲ್ಲಿ ನಿಲ್ಲದಂತೆ ಮಾಡುವ ದಾರಿ.

ದವಡೆ: ನಿಮ್ಮದೇ ಮೂರು ಬೆರಳನ್ನು ಒಂದರ ಮೇಲೊಂದರಂತೆ ನಿಲ್ಲಿಸಿ ಹಲ್ಲುಗಳ ನಡುವೆ ತೂರಿಸಲು ಸಾಧ್ಯವಾಗುತ್ತದೆಯೇ ಎಂದು ಮೊದಲ ದಿನವೇ ನೋಡಿಕೊಳ್ಳಿ, ಆಮೇಲೆ ಪ್ರತಿ ವಾರ ನೋಡಿ. ಎರಡು ಬೆರಳಿಗೆ ಇಳಿದರೆ ಕೂಡಲೇ ಹೇಳಿ. ಬಾಯಿ ತೆರೆಯುವ ವ್ಯಾಯಾಮ ಮೊದಲಿನಿಂದ ಮಾಡಿದರಷ್ಟೇ ಫಲ ಹೆಚ್ಚು.

ಚರ್ಮ: ರೇಡಿಯೇಷನ್ ಬೀಳುವ ಜಾಗಕ್ಕೆ ಪೌಡರ್, ಅರಿಶಿನ, ಎಣ್ಣೆ, ಸೆಂಟ್ ಹಚ್ಚಬೇಡಿ. ತಂಡ ಹೇಳಿದ ಕ್ರೀಮ್ ಮಾತ್ರ ಸಾಕು. ಬಿಸಿಲಿಗೆ ಹೋಗುವಾಗ ಹತ್ತಿ ಬಟ್ಟೆ ಮುಚ್ಚಿಕೊಳ್ಳಿ.

ಔಷಧದ ವಿಚಾರದಲ್ಲಿ ಮೂರು ಮಾತು. ಒಂದು, ನೋವಿನ ಮಾತ್ರೆಯನ್ನು ಹೇಳಿದ ಹೊತ್ತಿಗೆ ತೆಗೆದುಕೊಳ್ಳಿ. ತಡೆಯಲಾರದಷ್ಟು ನೋವಾಗುವವರೆಗೆ ಕಾಯಬೇಡಿ. ಬಾಯಿ ಜೋಮು ಹಿಡಿಸುವ ಜೆಲ್ ಕೊಟ್ಟಿದ್ದರೆ ಊಟಕ್ಕೆ ಸ್ವಲ್ಪ ಮುಂಚೆ ಬಳಸಿ, ಜೋಮಿದ್ದಾಗ ಬಿಸಿ ಪದಾರ್ಥ ಬೇಡ. ಎರಡು, ಜೊಲ್ಲು ಹೆಚ್ಚಿಸುವ ಪೈಲೊಕಾರ್ಪಿನ್ ಮಾತ್ರೆ ಕೆಲವರಿಗೆ ಸಹಾಯ ಮಾಡುತ್ತದೆ, ಬೆವರನ್ನೂ ಹೆಚ್ಚಿಸುತ್ತದೆ. ಆಸ್ತಮಾ, ಗ್ಲಾಕೋಮಾ ಅಥವಾ ಹೃದಯದ ತೊಂದರೆ ಇದ್ದರೆ ಮೊದಲೇ ಹೇಳಿ. ಮೂರು, ಸಿಸ್‌ಪ್ಲಾಟಿನ್ ಎಂಬ ಕೀಮೋ ಕೊಡುತ್ತಿದ್ದರೆ ಐಬುಪ್ರೊಫೆನ್, ಡೈಕ್ಲೊಫೆನಾಕ್‌ನಂಥ ನೋವಿನ ಮಾತ್ರೆಗಳನ್ನು ನೀವಾಗಿ ನುಂಗಬೇಡಿ. ಎರಡೂ ಸೇರಿ ಕಿಡ್ನಿಗೆ ಪೆಟ್ಟು. ಕಿವಿಯಲ್ಲಿ ಗುಂಯ್ ಎನ್ನುವ ಸದ್ದು ಬಂದರೆ ಮುಂದಿನ ಡೋಸ್‌ಗೆ ಮುಂಚೆ ತಿಳಿಸಿ.

ಎಲ್ಲರಿಗೂ ಕೀಮೋ ಬೇಕಾಗುವುದಿಲ್ಲ. ಕಾಯಿಲೆ ಹರಡಿದ್ದರೆ ಅಥವಾ ಮರಳಿದ್ದರೆ ಗಂಟಿನ ಜೀನ್ ಪರೀಕ್ಷೆಯ ಬಗ್ಗೆ ಕೇಳಿ. ಸೆಕ್ರೆಟರಿ ಕಾರ್ಸಿನೋಮಾದಲ್ಲಿ ಎನ್‌ಟಿಆರ್‌ಕೆ ಎಂಬ ಜೀನ್ ಬದಲಾವಣೆ ಇದ್ದರೆ ಅದಕ್ಕೆಂದೇ ಇರುವ ಲ್ಯಾರೊಟ್ರೆಕ್ಟಿನಿಬ್, ಎನ್‌ಟ್ರೆಕ್ಟಿನಿಬ್ ಮಾತ್ರೆಗಳಿವೆ. ಡಕ್ಟ್ ಕಾರ್ಸಿನೋಮಾ ಎಂಬ ಬಗೆಯಲ್ಲಿ ಹರ್2 ಪರೀಕ್ಷೆ ಮುಖ್ಯ.

ಮಕ್ಕಳು, ಮದುವೆ

ಮುಖ ಮತ್ತು ಕುತ್ತಿಗೆಯ ರೇಡಿಯೇಷನ್ ಅಂಡಾಶಯಕ್ಕಾಗಲಿ ವೃಷಣಕ್ಕಾಗಲಿ ನೇರವಾಗಿ ಬೀಳುವುದಿಲ್ಲ. ಆದರೂ ಚಿಕಿತ್ಸೆಯ ಸಮಯದಲ್ಲಿ ಗರ್ಭ ಧರಿಸಬಾರದು. ಗರ್ಭ ನಿಂತಿರುವ ಅನುಮಾನವಿದ್ದರೆ ಸ್ಕ್ಯಾನ್‌ಗೆ ಮುಂಚೆಯೇ ಹೇಳಿ. ಕೀಮೋ ಇದ್ದರೆ ಮಾತು ಬೇರೆ. ಸಿಸ್‌ಪ್ಲಾಟಿನ್ ಫಲವಂತಿಕೆಯನ್ನು ಕುಗ್ಗಿಸಬಹುದು. ಗಂಡಸರು ಒಂದೆರಡು ದಿನದಲ್ಲಿ ವೀರ್ಯ ಶೇಖರಿಸಿಡಬಹುದು. ಹೆಂಗಸರಿಗೆ ಅಂಡಾಣು ಶೇಖರಿಸಲು ಸುಮಾರು ಎರಡು ವಾರ ಬೇಕು. ಆದ್ದರಿಂದ ಕೀಮೋದ ಹೆಸರು ಎತ್ತಿದ ದಿನವೇ ಕೇಳಿ. ಅವಿವಾಹಿತರಾಗಿದ್ದರೂ, ಪಕ್ಕದಲ್ಲಿ ಅಪ್ಪ ಕೂತಿದ್ದರೂ ಕೇಳಿ. ಮುಜುಗರವಾದರೆ ಒಂದು ಚೀಟಿಯಲ್ಲಿ ಬರೆದು ವೈದ್ಯರ ಕೈಗೆ ಕೊಡಿ.

ಈ ಕ್ಯಾನ್ಸರ್ ಬಹುತೇಕ ವಂಶದಿಂದ ಬರುವಂಥದ್ದಲ್ಲ. "ಮಕ್ಕಳಿಗೂ ಬರುತ್ತದೆ" ಎಂಬ ಮಾತಿಗೆ ನೀವು ಕೊಡಬಹುದಾದ ಉತ್ತರ ಇದು. ಮದುವೆಯ ಮಾತುಕತೆಯಲ್ಲಿ ಕಾಯಿಲೆಯನ್ನು ಮುಚ್ಚಿಡಲು ಮನೆಯವರು ಒತ್ತಾಯಿಸಬಹುದು. ವರ್ಷಗಳ ಕಾಲ ತಪಾಸಣೆಗೆ ಹೋಗುವ ಕಾಯಿಲೆಯನ್ನು ಒಂದೇ ಮನೆಯಲ್ಲಿ ಮುಚ್ಚಿಟ್ಟುಕೊಂಡು ಬದುಕುವುದು ನಿಮಗೇ ಭಾರ. ಯಾವಾಗ, ಯಾರಿಗೆ, ಎಷ್ಟು ಹೇಳಬೇಕೆಂದು ನಿರ್ಧರಿಸುವುದು ನಿಮ್ಮ ಕೈಯಲ್ಲಿರಲಿ.

ಊರಿನಲ್ಲಿರುವ ಮನೆಯವರಿಗೆ ಹೇಳುವುದು

ಪುಣೆಯಲ್ಲೋ ದೆಹಲಿಯಲ್ಲೋ ವೈದ್ಯರು ಹಿಂದಿ, ಮರಾಠಿ ಅಥವಾ ಇಂಗ್ಲಿಷಿನಲ್ಲಿ ಮಾತಾಡುತ್ತಾರೆ. ಊರಿನಿಂದ ಬಂದ ಅಮ್ಮನಿಗೆ ಕನ್ನಡ ಬಿಟ್ಟರೆ ಬೇರೆ ತಿಳಿಯದು. ಆಗ ರೋಗಿಯೇ ದುಭಾಷಿ. ತನ್ನ ಕೆಟ್ಟ ಸುದ್ದಿಯನ್ನು ತಾನೇ ಕನ್ನಡಕ್ಕೆ ತರುತ್ತಾ ಅರ್ಧ ನುಂಗಿ ಅರ್ಧ ಹೇಳುತ್ತಾರೆ. ಇದನ್ನು ತಪ್ಪಿಸಿ. ಮುಖ್ಯ ಭೇಟಿಗೆ ಎರಡೂ ಭಾಷೆ ಬಲ್ಲ ಅಣ್ಣ, ಅತ್ತಿಗೆ, ಗೆಳೆಯರು ಯಾರಾದರೂ ಬರಲಿ. ಆಸ್ಪತ್ರೆಯ ಸಮಾಜ ಕಾರ್ಯಕರ್ತರನ್ನು ಕನ್ನಡ ಬಲ್ಲ ಸಿಬ್ಬಂದಿ ಇದ್ದಾರೆಯೇ ಎಂದು ಕೇಳಿ. ವೈದ್ಯರು ಒಪ್ಪಿದರೆ ಮಾತುಕತೆಯನ್ನು ಫೋನಿನಲ್ಲಿ ರೆಕಾರ್ಡ್ ಮಾಡಿಕೊಳ್ಳಿ.

ಹೇಳುವಾಗ ಸರಳವಾಗಿ ಹೇಳಿ: "ಅಮ್ಮಾ, ಕಿವಿಯ ಕೆಳಗಿನ ಗಂಟು ಕ್ಯಾನ್ಸರ್ ಅಂತ ಬಂದಿದೆ. ನಿಧಾನಕ್ಕೆ ಬೆಳೆಯೋ ಬಗೆ. ಮೊದಲು ಆಪರೇಷನ್, ಆಮೇಲೆ ಬೇಕಿದ್ದರೆ ರೇಡಿಯೇಷನ್. ನೀನು ಬಂದು ಜೊತೆಗಿರು." ನಿಮ್ಮ ವರದಿ ಬೇರೆಯಾಗಿದ್ದರೆ ಅದಕ್ಕೆ ತಕ್ಕಂತೆ ಬದಲಿಸಿಕೊಳ್ಳಿ. ಕಾಯಿಲೆ ಏನು, ಮುಂದೇನು ಮಾಡುತ್ತಾರೆ, ಅವರಿಂದ ಏನು ಬೇಕು ಎಂಬ ಮೂರು ಸಂಗತಿ ಇದ್ದರೆ ಸಾಕು.

ನೋಡಿಕೊಳ್ಳುವವರಿಗೆ ಒಂದು ಮಾತು. "ಅವನಿಗೆ ಹೇಳಬೇಡಿ, ತಡೆದುಕೊಳ್ಳಲಾರ" ಎಂದು ವೈದ್ಯರನ್ನು ಕೋರಬೇಡಿ. ಸಹಿ ಹಾಕಬೇಕಾದವರು ಅವರೇ. ಇಂದಿನ ಹುಡುಗರು ವರದಿಯ ಫೋಟೋ ತೆಗೆದು ಐದು ನಿಮಿಷದಲ್ಲಿ ತಾವೇ ಓದಿಕೊಳ್ಳುತ್ತಾರೆ. ನಿಮ್ಮಿಂದ ಕೇಳುವುದು ಮೇಲು.

ಕೆಲಸ, ಹಣ, ಪ್ರಯಾಣ

ರಾಜೀನಾಮೆ ಕೊಡಲು ಅವಸರ ಬೇಡ. ಕಂಪನಿಯ ಗುಂಪು ವಿಮೆ ಸಾಮಾನ್ಯವಾಗಿ ಕೆಲಸದ ಜೊತೆಗೇ ಹೋಗಿಬಿಡುತ್ತದೆ. ಮೊದಲು ರಜೆ, ಮನೆಯಿಂದ ಕೆಲಸ, ಕಡಿಮೆ ಗಂಟೆಗಳ ಬಗ್ಗೆ ಬರಹದಲ್ಲಿ ಕೇಳಿ. ಇಎಸ್‌ಐಗೆ ಒಳಪಟ್ಟವರಿಗೆ ಕ್ಯಾನ್ಸರ್‌ನಂಥ ದೀರ್ಘ ಕಾಯಿಲೆಗೆ ಕೂಲಿಯ ಶೇ. 80ರಷ್ಟು ಹಣ ಎರಡು ವರ್ಷದವರೆಗೆ ಸಿಗುವ ಸೌಲಭ್ಯವಿದೆ. ಅದಕ್ಕೆ ಕನಿಷ್ಠ ಸೇವಾವಧಿಯ ನಿಯಮಗಳಿವೆ, ನಿಮ್ಮ ಶಾಖೆಯಲ್ಲಿ ವಿಚಾರಿಸಿ. ಭವಿಷ್ಯ ನಿಧಿಯಿಂದ ಚಿಕಿತ್ಸೆಗೆ ಮುಂಗಡ ಪಡೆಯಬಹುದು.

2018ರಲ್ಲಿ ಶುರುವಾದ ಆಯುಷ್ಮಾನ್ ಭಾರತ್ ಯೋಜನೆಯಲ್ಲಿ ಅರ್ಹ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಆಸ್ಪತ್ರೆ ಚಿಕಿತ್ಸೆ ಸಿಗುತ್ತದೆ. ಊರಿನ ಕಾರ್ಡ್ ಬೇರೆ ರಾಜ್ಯದ ನೋಂದಾಯಿತ ಆಸ್ಪತ್ರೆಯಲ್ಲೂ ನಡೆಯುವಂತೆ ಯೋಜನೆ ಇದೆ. ದಾಖಲಾಗುವ ಮುಂಚೆ ಆಸ್ಪತ್ರೆಯ ಯೋಜನಾ ಕೌಂಟರಿನಲ್ಲಿ ಖಚಿತಪಡಿಸಿಕೊಳ್ಳಿ. ಅಮೃತ್ ಮತ್ತು ಜನೌಷಧಿ ಅಂಗಡಿಗಳಲ್ಲಿ ಹಲವು ಔಷಧಗಳು ಕಡಿಮೆ ಬೆಲೆಗೆ ಸಿಗುತ್ತವೆ. ಬ್ರಾಂಡ್ ಬದಲಾದರೆ ಡೋಸ್ ಅದೇ ಇದೆಯೇ ಎಂದು ಫಾರ್ಮಸಿಸ್ಟ್ ಬಳಿ ಓದಿಸಿಕೊಳ್ಳಿ.

ಚಿಕಿತ್ಸೆಗೆ ಹೋಗಿಬರುವ ಕ್ಯಾನ್ಸರ್ ರೋಗಿಗೆ ಮತ್ತು ಜೊತೆಗೊಬ್ಬರಿಗೆ ರೈಲಿನಲ್ಲಿ ರಿಯಾಯಿತಿ ಇದೆ. ಆಸ್ಪತ್ರೆಯಿಂದ ನಿಗದಿತ ನಮೂನೆಯ ಪ್ರಮಾಣಪತ್ರ ಬೇಕು. ಶಸ್ತ್ರಚಿಕಿತ್ಸೆಯನ್ನು ಒಂದೂರಿನಲ್ಲಿ ಮಾಡಿಸಿ ಆರು ವಾರದ ರೇಡಿಯೇಷನ್ ಅನ್ನು ಮನೆಯವರಿರುವ ಊರಿನ ಹತ್ತಿರ ಮಾಡಿಸಬಹುದೇ ಎಂದೂ ಕೇಳಿ. ಸಾಧ್ಯವಾದರೆ ಬಾಡಿಗೆ, ಅಡುಗೆ, ಒಂಟಿತನ ಮೂರೂ ಕಡಿಮೆಯಾಗುತ್ತವೆ.

ಮನಸ್ಸಿಗೂ ಚಿಕಿತ್ಸೆ ಬೇಕು

ಸ್ನೇಹಿತರ ಮದುವೆ, ಪ್ರಮೋಷನ್ ಫೋಟೋಗಳ ನಡುವೆ ನೀವು ಮಾತ್ರ ಆಸ್ಪತ್ರೆಯ ಸಾಲಿನಲ್ಲಿ ನಿಂತಂತೆ ಅನಿಸಬಹುದು. ಕನ್ನಡಿ ನೋಡಲು, ವಿಡಿಯೋ ಕಾಲ್‌ನಲ್ಲಿ ಕ್ಯಾಮೆರಾ ಹಾಕಲು ಮನಸ್ಸಾಗದಿರಬಹುದು. ಸ್ಕ್ಯಾನ್ ದಿನ ಹತ್ತಿರ ಬಂದಂತೆ ನಿದ್ದೆ ಹಾರಿಹೋಗಬಹುದು. ಇವು ಧೈರ್ಯ ಕಡಿಮೆ ಎಂಬುದರ ಗುರುತಲ್ಲ. ಎರಡು ವಾರಕ್ಕೂ ಹೆಚ್ಚು ಕಾಲ ಏನೂ ಬೇಡವೆನಿಸಿದರೆ, ಬದುಕು ಸಾಕೆನಿಸಿದರೆ ಕೂಡಲೇ ಹೇಳಿಕೊಳ್ಳಿ. ಕೇಂದ್ರ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416 ದಿನದ 24 ಗಂಟೆಯೂ ಉಚಿತ. ಯಾವ ರಾಜ್ಯದಿಂದ ಕರೆ ಮಾಡಿದರೂ ಕನ್ನಡದಲ್ಲಿ ಮಾತಾಡಬೇಕೆಂದು ಕೇಳಿ.

ಚಿಕಿತ್ಸೆ ಮುಗಿದ ಮೇಲೆ

ಮೊದಲ ವರ್ಷ ಒಂದರಿಂದ ಮೂರು ತಿಂಗಳಿಗೊಮ್ಮೆ ತಪಾಸಣೆ, ಆಮೇಲೆ ಅಂತರ ಹೆಚ್ಚುತ್ತದೆ. ಐದು ವರ್ಷದ ನಂತರವೂ ವರ್ಷಕ್ಕೊಮ್ಮೆ ಹೋಗಬೇಕು. ಅಡಿನಾಯ್ಡ್ ಸಿಸ್ಟಿಕ್ ಬಗೆ ಹತ್ತು ವರ್ಷದ ನಂತರವೂ ಮರಳಬಹುದು, ಶ್ವಾಸಕೋಶಕ್ಕೆ ಹೋಗಬಹುದು. ಆದ್ದರಿಂದ "ಐದು ವರ್ಷ ದಾಟಿತು, ಮುಗಿಯಿತು" ಎಂದು ಬಿಡಬೇಡಿ. ಕುತ್ತಿಗೆಗೆ ರೇಡಿಯೇಷನ್ ಆಗಿದ್ದರೆ 6ರಿಂದ 12 ತಿಂಗಳಿಗೊಮ್ಮೆ ಥೈರಾಯ್ಡ್ ರಕ್ತಪರೀಕ್ಷೆ ಮಾಡಿಸಿ. ಸುಸ್ತು, ತೂಕ ಏರುವುದು, ಚಳಿ ತಡೆಯದಿರುವುದು ಥೈರಾಯ್ಡ್ ಕಡಿಮೆಯಾದ ಲಕ್ಷಣವಿರಬಹುದು. ಚಿಕಿತ್ಸೆಯ ಕಡೆಯ ಕಿವಿ ಮಂದವಾದರೂ ತಿಳಿಸಿ.

ನೀವು ಊರು, ಕೆಲಸ, ದೇಶ ಬದಲಿಸುವ ವಯಸ್ಸಿನವರು. ಪೆಥಾಲಜಿ ವರದಿ, ಶಸ್ತ್ರಚಿಕಿತ್ಸೆಯ ಟಿಪ್ಪಣಿ, ರೇಡಿಯೇಷನ್ ಒಟ್ಟು ಡೋಸ್ ಮತ್ತು ಯಾವ ಕಡೆಗೆ ಎಂಬ ಸಾರಾಂಶ, ಸ್ಕ್ಯಾನ್ ಸಿ.ಡಿ. ಇಷ್ಟನ್ನೂ ಒಂದು ಫೈಲಿನಲ್ಲಿ ಇಟ್ಟು ಫೋನಿನಲ್ಲೂ ಪ್ರತಿ ಇಟ್ಟುಕೊಳ್ಳಿ.

ಕಾಯದೆ ಆಸ್ಪತ್ರೆಗೆ ಹೋಗಬೇಕಾದ ಲಕ್ಷಣಗಳು

– ಕೀಮೋ ಸಮಯದಲ್ಲಿ 38 ಡಿಗ್ರಿ ಸೆಲ್ಸಿಯಸ್, ಅಂದರೆ 100.4 ಫ್ಯಾರನ್‌ಹೀಟ್ ಅಥವಾ ಹೆಚ್ಚಿನ ಜ್ವರ. ಪ್ಯಾರಾಸಿಟಮಾಲ್ ನುಂಗಿ ಜ್ವರವನ್ನು ಮರೆಮಾಡುವ ಮೊದಲು ಕರೆ ಮಾಡಿ.
– ಉಸಿರಾಟಕ್ಕೆ ತೊಂದರೆ, ಗಾಯದಿಂದ ನಿಲ್ಲದ ರಕ್ತ, ಗಾಯದ ಕೆಳಗೆ ಒಮ್ಮೆಗೇ ಊತ.
– ನೀರನ್ನೂ ನುಂಗಲಾಗದಿರುವುದು.
– ಕಣ್ಣು ಕೆಂಪಾಗಿ ನೋವು, ಮಬ್ಬು.

ಇವಿಷ್ಟು ತುರ್ತಿನವು. ಇನ್ನು ಹೊಸ ಗಂಟು, ಮುಖದ ಬಲಹೀನತೆ ಹೊಸದಾಗಿ ಶುರುವಾಗುವುದು ಅಥವಾ ಹೆಚ್ಚುವುದು, ಮುಖದಲ್ಲಿ ಇರುವೆ ಹರಿದಂಥ ಜೋಮು, ದವಡೆಯ ಮೂಳೆ ಕಾಣಿಸುವುದು ಇದ್ದರೆ ಮುಂದಿನ ತಪಾಸಣೆಯ ದಿನಕ್ಕೆ ಕಾಯದೆ ಆ ವಾರವೇ ತೋರಿಸಿ.

ಮುಂದಿನ ಭೇಟಿಗೆ ಹೋಗುವಾಗ ಒಂದು ಹಾಳೆಯಲ್ಲಿ ಐದು ಸಾಲು ಬರೆದುಕೊಳ್ಳಿ: ನನ್ನ ಬಗೆ ಮತ್ತು ಗ್ರೇಡ್ ಏನು? ಮುಖದ ನರದ ಗತಿ ಏನು? ಹಲ್ಲಿನ ವೈದ್ಯರನ್ನು ಯಾವಾಗ ನೋಡಲಿ? ಕೀಮೋ ಇದೆಯೇ, ಇದ್ದರೆ ಮುಂದೆ ಮಕ್ಕಳಾಗಲು ಈಗ ಏನು ಮಾಡಬೇಕು? ರಾತ್ರಿ ತೊಂದರೆಯಾದರೆ ಯಾರಿಗೆ ಫೋನ್ ಮಾಡಲಿ? ಐದಕ್ಕೂ ಉತ್ತರ ಬರೆದುಕೊಂಡ ಮೇಲೆಯೇ ಕುರ್ಚಿಯಿಂದ ಏಳಿ.

ಈ ಲೇಖನ ಮಾಹಿತಿಗಾಗಿ ಮಾತ್ರ. ಔಷಧ ಶುರು ಮಾಡುವುದು, ನಿಲ್ಲಿಸುವುದು, ಡೋಸ್ ಬದಲಿಸುವುದು ನಿಮ್ಮ ವೈದ್ಯರ ಸಲಹೆಯಂತೆಯೇ ಇರಲಿ.